ವೀರ್ಯ ಪರೀಕ್ಷೆಯ ರಿಪೋರ್ಟಿನಲ್ಲಿರುವ ಆ ‘16’ ಎಲ್ಲಿಂದ ಬಂತು?

ವೀರ್ಯ ಪರೀಕ್ಷೆಯ ರಿಪೋರ್ಟ್ ಕೈಗೆ ಬಂದ ಕೂಡಲೇ ಕಣ್ಣು ಹೋಗುವುದು ಒಂದೇ ಸಾಲಿಗೆ: ಒಂದು ಮಿಲಿಲೀಟರಿನಲ್ಲಿ ಎಷ್ಟು ಮಿಲಿಯನ್ ವೀರ್ಯಾಣು. ಅದರ ಪಕ್ಕದಲ್ಲಿ 16 ಎಂದು ಅಚ್ಚಾಗಿರುತ್ತದೆ. ಕೆಲವು ಲ್ಯಾಬುಗಳ ಹಾಳೆಯಲ್ಲಿ ಅದು 15, ಇನ್ನೂ ಹಳೆಯ ಹಾಳೆಗಳಲ್ಲಿ 20. ನಿಮ್ಮದು 14 ಬಂದಿದ್ದರೆ, ಕಲಬುರಗಿಯಲ್ಲಿ ‘ಕೌಂಟ್ ಕಮ್ಮಿ ಅದ’ ಎಂದಿದ್ದ ಮಾತು ಊರು ಮುಟ್ಟುವಷ್ಟರಲ್ಲಿ ‘ಮಕ್ಕಳೇ ಆಗಂಗಿಲ್ಲಂತ’ ಎಂದಾಗಿರುತ್ತದೆ. ಒಂದು ಮಿಲಿಯನ್ ಎಂದರೆ ಹತ್ತು ಲಕ್ಷ. 14 ಮಿಲಿಯನ್ ಎಂದರೆ ಮಿಲಿಗೆ ಒಂದು ಕೋಟಿ 40 ಲಕ್ಷ ವೀರ್ಯಾಣು. ಅಷ್ಟಿದ್ದ ಎಷ್ಟೋ ಗಂಡಸರು ಯಾವ ಚಿಕಿತ್ಸೆಯೂ ಇಲ್ಲದೆ ತಂದೆಯಾಗಿದ್ದಾರೆ. ಹಾಗಾದರೆ ಆ 16 ಏನು ಹೇಳುತ್ತದೆ? ನಿಮ್ಮ 14 ನಿಜಕ್ಕೂ 14 ಹೌದೇ?

ಅದಕ್ಕೂ ಮುಂಚೆ ಹೇಳಲೇಬೇಕಾದ ಮಾತೊಂದಿದೆ. ಈ ಪರೀಕ್ಷೆ ನಮ್ಮ ಕಡೆ ನಡೆಯುವುದೇ ತೀರಾ ತಡವಾಗಿ. ಯಾವ ತಡೆಯೂ ಇಲ್ಲದೆ 12 ತಿಂಗಳು ಕೂಡಿ ಬಾಳಿದರೂ ಗರ್ಭ ನಿಲ್ಲದಿದ್ದರೆ ಇಬ್ಬರನ್ನೂ ಒಟ್ಟಿಗೇ ಪರೀಕ್ಷಿಸಬೇಕು. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡನ ಪಾಲೂ ಇರುತ್ತದೆ. ಆದರೂ ಮೊದಲು ಹೆಂಡತಿಗೇ ಸ್ಕ್ಯಾನ್ ಮೇಲೆ ಸ್ಕ್ಯಾನ್, ಟ್ಯೂಬ್ ಟೆಸ್ಟ್, ಗರ್ಭಚೀಲ ತೊಳೆಸುವುದು, ದುರ್ಬೀನ್ ಆಪರೇಷನ್, ಹರಕೆ, ಉಪವಾಸ. ಇಷ್ಟೆಲ್ಲ ಮುಗಿದು ವರ್ಷಗಳು ಉರುಳಿದ ಮೇಲೆ ಗಂಡನ ಸರದಿ. ಅವಳದು ಅರಿವಳಿಕೆ ಕೊಟ್ಟು ಹೊಟ್ಟೆಗೆ ತೂತು ಹಾಕಿ ನೋಡುವ ಪರೀಕ್ಷೆ. ಅವನದು ಒಂದು ಡಬ್ಬಿ, ಒಂದು ಗಂಟೆ. ಇದು ಆ ಹೆಣ್ಣುಮಗಳಿಗೆ ಮಾಡುವ ಅನ್ಯಾಯ. ಆ ವರ್ಷಗಳಲ್ಲಿ ಅವಳ ಅಂಡಗಳ ವಯಸ್ಸೂ ಏರುತ್ತಿರುತ್ತದೆ. ಆ ಕಾಲವನ್ನು ಯಾವ ಡಾಕ್ಟರೂ ತಿರುಗಿ ಕೊಡಲಾರರು.

ಗೆರೆ ಎಳೆದ ಬಗೆ

1951ರಲ್ಲಿ ನ್ಯೂಯಾರ್ಕಿನ ಸಂಶೋಧಕ ಜಾನ್ ಮ್ಯಾಕ್ಲೌಡ್ ತಮ್ಮ ಸಹೋದ್ಯೋಗಿ ರೂತ್ ಗೋಲ್ಡ್ ಜೊತೆ ಸೇರಿ ಒಂದು ದೊಡ್ಡ ಎಣಿಕೆಯನ್ನು ಪ್ರಕಟಿಸಿದರು. ಮಕ್ಕಳಾಗುತ್ತವೆ ಎಂದು ಖಚಿತವಿದ್ದ 1,000 ಗಂಡಸರು ಒಂದು ಕಡೆ, ಮಕ್ಕಳಾಗದ ದಾಂಪತ್ಯದ 1,000 ಗಂಡಸರು ಇನ್ನೊಂದು ಕಡೆ. ಮಿಲಿಗೆ 20 ಮಿಲಿಯನ್‌ಗಿಂತ ಕಡಿಮೆ ಇದ್ದವರು ಮೊದಲ ಗುಂಪಿಗಿಂತ ಎರಡನೆಯದರಲ್ಲಿ ಹೆಚ್ಚಿದ್ದರು. ಹೀಗೆ 20 ಎಂಬ ಗೆರೆ ಬಂತು. ಆದರೆ ಎರಡೂ ಗುಂಪು ಒಂದರ ಮೇಲೊಂದು ಚೆನ್ನಾಗಿಯೇ ಹಾಸಿಕೊಂಡಿದ್ದವು: 20ರ ಕೆಳಗಿದ್ದೂ ತಂದೆಯಾದವರಿದ್ದರು, 20ರ ಎಷ್ಟೋ ಮೇಲಿದ್ದೂ ಮಕ್ಕಳಾಗದವರಿದ್ದರು. ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಈ ಪರೀಕ್ಷೆಗೆಂದೇ ಲ್ಯಾಬುಗಳಿಗೆ ಕೈಪಿಡಿ ತಂದಿತು. 1999ರ ನಾಲ್ಕನೇ ಆವೃತ್ತಿಯವರೆಗೂ 20 ಅಲ್ಲಾಡಲಿಲ್ಲ.

2010ರ ಐದನೇ ಆವೃತ್ತಿಯಲ್ಲಿ ವಿಧಾನವೇ ಬದಲಾಯಿತು. ಪ್ರಯತ್ನಿಸಿದ 12 ತಿಂಗಳೊಳಗೆ ಹೆಂಡತಿ ಗರ್ಭಿಣಿಯಾದ ಗಂಡಸರ ಲೆಕ್ಕವನ್ನು ಮಾತ್ರ ಹಲವು ದೇಶಗಳಿಂದ ಕಲೆಹಾಕಿದರು. ಅವರನ್ನು ಕಡಿಮೆ ಎಣಿಕೆಯಿಂದ ಹೆಚ್ಚಿನ ಎಣಿಕೆಗೆ ಸಾಲಾಗಿ ನಿಲ್ಲಿಸಿದರೆ, ನೂರು ಜನರಲ್ಲಿ ಕೆಳಗಿನಿಂದ ಐದನೆಯವನ ಹತ್ತಿರ ಯಾವ ಸಂಖ್ಯೆ ಇದೆಯೋ ಅದೇ ಗೆರೆ. ಅದು 15 ಬಂತು. 2021ರ ಆರನೇ ಆವೃತ್ತಿಯಲ್ಲಿ 12 ದೇಶಗಳ ಮೂರೂವರೆ ಸಾವಿರಕ್ಕೂ ಹೆಚ್ಚು ಗಂಡಸರ ಲೆಕ್ಕ ಸೇರಿ 16 ಆಯಿತು.

ಇಲ್ಲಿ ಸ್ವಲ್ಪ ನಿಂತು ನೋಡಿ. ಆ ಸಾಲಿನಲ್ಲಿ 16ರ ಕೆಳಗಿದ್ದ ಐವರೂ ಒಂದು ವರ್ಷದೊಳಗೆ ತಂದೆಯಾದವರೇ. ಈ ಲೆಕ್ಕದಲ್ಲಿ ಮಕ್ಕಳಾಗದವರು ಒಬ್ಬರೂ ಇಲ್ಲ. ಆದ್ದರಿಂದ 16 ಎನ್ನುವುದು ಪಾಸು-ಫೇಲಿನ ಅಂಕವಲ್ಲ. ‘ಇದರ ಕೆಳಗಿದ್ದರೆ ಕಾರಣ ಹುಡುಕುವುದು ಒಳ್ಳೆಯದು’ ಎಂಬ ಗುರುತು ಅಷ್ಟೆ.

ಒಂದೇ ಸಾಲು ನೋಡಿ ಹಾಳೆ ಮಡಿಚುವುದೂ ತಪ್ಪು. ವೀರ್ಯದ ಪ್ರಮಾಣ 1.4 ಮಿಲಿ, ಒಟ್ಟು ವೀರ್ಯಾಣು 39 ಮಿಲಿಯನ್, ಚಲಿಸುವವು ಶೇ. 42, ಮುಂದಕ್ಕೆ ಸಾಗುವವು ಶೇ. 30, ಜೀವಂತ ಇರುವವು ಶೇ. 54, ಆಕಾರ ಸರಿ ಇರುವವು ಶೇ. 4: ಇವೆಲ್ಲ ಅದೇ ರೀತಿ ಎಳೆದ ಗೆರೆಗಳು. ಇವುಗಳಲ್ಲಿ ‘ಒಟ್ಟು’ ಎಂಬುದಕ್ಕೆ ಸಿಗಬೇಕಾದಷ್ಟು ಗಮನ ಸಿಗುತ್ತಿಲ್ಲ. ಮಿಲಿಗೆ 14 ಮಿಲಿಯನ್ ಇದ್ದು 3.5 ಮಿಲಿ ವೀರ್ಯ ಬಂದರೆ ಒಟ್ಟು 49 ಮಿಲಿಯನ್, ಗೆರೆಯ ಮೇಲೆ. ಮಿಲಿಗೆ 20 ಮಿಲಿಯನ್ ಇದ್ದು ಬಂದದ್ದು ಒಂದೇ ಮಿಲಿ ಆದರೆ ಒಟ್ಟು 20, ಗೆರೆಯ ಕೆಳಗೆ. ವೃಷಣ ಎಷ್ಟು ದುಡಿಯುತ್ತಿದೆ ಎಂಬುದನ್ನು ಒಟ್ಟು ಸಂಖ್ಯೆಯೇ ಹೆಚ್ಚು ಸರಿಯಾಗಿ ಹೇಳುತ್ತದೆ. ಇನ್ನು ಆಕಾರ. ‘ನೂರಕ್ಕೆ 95 ವೀರ್ಯಾಣು ಕೆಟ್ಟಿವೆ’ ಎಂದು ಓದಿ ಎದೆ ಒಡೆದುಕೊಳ್ಳುವವರಿದ್ದಾರೆ. ಅಳತೆ ಅಷ್ಟು ಬಿಗಿಯಾದದ್ದು: ತಲೆ, ಕತ್ತು, ಬಾಲದಲ್ಲಿ ಒಂದು ಸಣ್ಣ ಕೊರೆ ಕಂಡರೂ ಅದು ‘ಸರಿ ಇಲ್ಲ’ದ ಲೆಕ್ಕಕ್ಕೆ. ನೂರರಲ್ಲಿ ನಾಲ್ಕು ಸರಿ ಇದ್ದರೆ ಸಾಕು.

ಡಬ್ಬಿಯಿಂದ ಮೈಕ್ರೋಸ್ಕೋಪಿನವರೆಗೆ

ಸಂಖ್ಯೆ ಕೆಡುವುದು ಹೆಚ್ಚಾಗಿ ಲ್ಯಾಬಿನ ಬಾಗಿಲಿಗೆ ಬರುವ ಮೊದಲೇ. ಪರೀಕ್ಷೆಗೆ ಮುಂಚೆ ಕನಿಷ್ಠ 2 ದಿನ, ಹೆಚ್ಚೆಂದರೆ 7 ದಿನ ವೀರ್ಯ ಹೋಗಿರಬಾರದು. ನಿನ್ನೆ ರಾತ್ರಿ ಹೋಗಿದ್ದರೆ ಪ್ರಮಾಣವೂ ಎಣಿಕೆಯೂ ಇಳಿಯುತ್ತವೆ. ಹಾಗೆಂದು ಪುಣೆ-ಮುಂಬೈಗೆ ದುಡಿಯಲು ಹೋಗಿ ತಿಂಗಳಾದ ಮೇಲೆ ಬಂದು ನೇರ ಲ್ಯಾಬಿಗೆ ಹೋದರೆ ಎಣಿಕೆ ಏರಿರುತ್ತದೆ, ಆದರೆ ಸತ್ತವು, ಕುಂಟುವವು ಅದರಲ್ಲಿ ಹೆಚ್ಚು. ಎಷ್ಟು ದಿನ ಆಗಿತ್ತು ಎಂಬುದನ್ನು ಇದ್ದದ್ದಿದ್ದಂತೆ ಹೇಳಿ ಬರೆಯಿಸಿ. ಎರಡನೇ ಸಲ ಕೊಡುವಾಗಲೂ ಅಷ್ಟೇ ದಿನ ಬಿಟ್ಟು ಕೊಟ್ಟರೆ ಎರಡು ರಿಪೋರ್ಟುಗಳನ್ನು ಹೋಲಿಸಿ ನೋಡಬಹುದು.

ವೀರ್ಯ ಬರುವಾಗ ಮೊದಲು ಬೀಳುವ ಭಾಗದಲ್ಲೇ ವೀರ್ಯಾಣು ದಟ್ಟವಾಗಿರುತ್ತವೆ. ಕೊನೆಗೆ ಬರುವುದು ಬಹುತೇಕ ವೀರ್ಯಕೋಶದ ದ್ರವ. ಹಾಗಾಗಿ ಮೊದಲ ಹನಿಗಳು ಡಬ್ಬಿಯ ಹೊರಗೆ ಬಿದ್ದರೆ ಇಡೀ ರಿಪೋರ್ಟೇ ಸುಳ್ಳಾಗುತ್ತದೆ. ಸಂಕೋಚಪಟ್ಟು ಇದನ್ನು ಮುಚ್ಚಿಡುವವರು ಬಹಳ. ಹೇಳಿಬಿಡಿ, ನಾಲ್ಕು ದಿನ ಬಿಟ್ಟು ಮತ್ತೆ ಕೊಟ್ಟರಾಯಿತು. ಸೋಪು, ಎಣ್ಣೆ, ಉಗುಳು ಇವೆಲ್ಲ ವೀರ್ಯಾಣುಗಳಿಗೆ ವಿಷ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಕಾಂಡೋಮಿನಲ್ಲಿ ಹಿಡಿದು ತರುವುದೂ ಆಗದು. ಲ್ಯಾಬ್ ಕೊಟ್ಟ ಡಬ್ಬಿಯೊಂದೇ ಸರಿ.

ಆಸ್ಪತ್ರೆಯಲ್ಲೇ, ಚಿಲಕವಿರುವ ಕೋಣೆಯಲ್ಲಿ ಕೊಡುವುದು ಎಲ್ಲಕ್ಕಿಂತ ಒಳ್ಳೆಯದು. ಮನೆಯಲ್ಲಿ ಹಿಡಿದರೆ ಒಂದು ಗಂಟೆಯೊಳಗೆ ತಲುಪಬೇಕು, ದಾರಿಯುದ್ದಕ್ಕೂ 20ರಿಂದ 37 ಡಿಗ್ರಿ ಒಳಗಿರಬೇಕು. ಕಲಬುರಗಿ ಪಟ್ಟಣದವರಿಗೆ ಇದು ಸಾಧ್ಯ. ಚಿಂಚೋಳಿಯಿಂದಲೋ ಸುರಪುರದಿಂದಲೋ ಬಸ್ಸಿನಲ್ಲಿ ತಂದರೆ ಸಾಧ್ಯವೇ ಇಲ್ಲ. ಅಲ್ಲಿಂದ ಬರುವವರು ಇಲ್ಲಿಗೆ ಬಂದೇ ಕೊಡಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿ ನೆರಳಲ್ಲೇ 40 ಡಿಗ್ರಿ ದಾಟುತ್ತದೆ. ಬಿಸಿಲಲ್ಲಿ ನಿಂತ ಬೈಕಿನ ಡಿಕ್ಕಿಯಲ್ಲಿ ಡಬ್ಬಿ ಇಟ್ಟರೆ ಚಲನೆ ಶೇ. 50 ಇದ್ದದ್ದು 10ಕ್ಕೆ ಇಳಿದಿದ್ದರೂ ಆಶ್ಚರ್ಯವಿಲ್ಲ. ಡಿಸೆಂಬರಿನಲ್ಲಿ ಬೀದರಿನ ಮುಂಜಾವಿನ ಚಳಿಯದು ಉಲ್ಟಾ ತೊಂದರೆ: 20ರ ಕೆಳಗೆ ಇಳಿದರೂ ವೀರ್ಯಾಣು ಮಂಕಾಗುತ್ತವೆ. ಡಬ್ಬಿಯನ್ನು ಅಂಗಿಯ ಒಳಗೆ ಮೈಗೆ ತಾಗಿಸಿಕೊಂಡು ತನ್ನಿ. ಐಸಿನಲ್ಲಿ ಇಡಬಾರದು.

ಲ್ಯಾಬಿನಲ್ಲಿ ಮೊದಲ ಕೆಲಸ ಕಾಯುವುದು. ಬಂದಾಗ ವೀರ್ಯ ಗಂಜಿಯಂತೆ ಗಟ್ಟಿಯಾಗಿರುತ್ತದೆ. 37 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿ 15ರಿಂದ 30 ನಿಮಿಷಕ್ಕೆ ಕರಗಿ ನೀರಾಗುತ್ತದೆ. 60 ನಿಮಿಷವಾದರೂ ಕರಗದಿದ್ದರೆ ಅದನ್ನೂ ಬರೆಯಬೇಕು. ಕರಗುವ ಮೊದಲೇ ಹನಿ ತೆಗೆದು ನೋಡಿದರೆ ಒಂದು ಹನಿಯಲ್ಲಿ ವೀರ್ಯಾಣು ಕಿಕ್ಕಿರಿದಿರುತ್ತವೆ, ಇನ್ನೊಂದರಲ್ಲಿ ಖಾಲಿ. ಪ್ರಮಾಣವನ್ನು ತೂಕ ಮಾಡಿಯೇ ತಿಳಿಯಬೇಕು: ಖಾಲಿ ಡಬ್ಬಿಯ ತೂಕ ಮೊದಲೇ ಬರೆದಿಟ್ಟು, ತುಂಬಿದ ಡಬ್ಬಿಯ ತೂಕದಿಂದ ಕಳೆಯುವುದು, ಒಂದು ಗ್ರಾಂ ಎಂದರೆ ಒಂದು ಮಿಲಿ. ಸಿರಿಂಜಿನಲ್ಲಿ ಎಳೆದು ಅಳೆದರೆ ಡಬ್ಬಿಯ ಗೋಡೆಗೆ, ಸಿರಿಂಜಿಗೆ ಅಂಟಿಕೊಂಡು 0.3ರಿಂದ 0.9 ಮಿಲಿಯಷ್ಟು ಲೆಕ್ಕಕ್ಕೆ ಸಿಗದೆ ಹೋಗುತ್ತದೆ. 1.8 ಮಿಲಿ ಕೊಟ್ಟವನಿಗೆ 1.2 ಎಂದು ಬರೆದು, ಇಲ್ಲದ ಕಾಯಿಲೆ ಅಂಟಿಸಿದಂತಾಯಿತು.

ಚಲನೆ ನೋಡಲು 10 ಮೈಕ್ರೋಲೀಟರ್ ಹನಿಯನ್ನು ಗಾಜಿನ ಮೇಲಿಟ್ಟು 22 ಮಿಲಿಮೀಟರ್ ಚೌಕದ ಕವರ್‌ಸ್ಲಿಪ್ ಮುಚ್ಚುತ್ತಾರೆ. ಅದರಡಿ ಸುಮಾರು 20 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರಾನ್) ಆಳ ಉಳಿಯುತ್ತದೆ, ವೀರ್ಯಾಣು ಸಲೀಸಾಗಿ ಹೊರಳಾಡುವಷ್ಟು. ಇಂಥ ಎರಡು ಸ್ಲೈಡ್ ಮಾಡಿ ಪ್ರತಿಯೊಂದರಲ್ಲೂ 200 ಎಣಿಸಬೇಕು: ಸೆಕೆಂಡಿಗೆ 25 ಮೈಕ್ರಾನ್ ಅಥವಾ ಹೆಚ್ಚು ಸಾಗುವವು, ನಿಧಾನವಾಗಿ ಸಾಗುವವು, ನಿಂತಲ್ಲೇ ಒದ್ದಾಡುವವು, ಅಲುಗಾಡದವು. 25 ಮೈಕ್ರಾನ್ ಎಂದರೆ ವೀರ್ಯಾಣುವಿನ ತಲೆಯ ಐದಾರು ಪಟ್ಟು ದೂರ. ಈ ವೇಗ ಉಷ್ಣತೆಯ ಮೇಲೆ ನಿಂತಿದೆ. ಎಸಿ ಜೋರಾಗಿ ಹಾಕಿದ ಕೋಣೆಯಲ್ಲಿ ಸ್ಲೈಡ್ ಬೆಚ್ಚಗಿಡುವ ತಟ್ಟೆ ಇಲ್ಲದಿದ್ದರೆ ಚುರುಕಾದವೂ ಮಂದವಾಗಿ ಕಾಣುತ್ತವೆ.

ಎಣಿಕೆ ಎಲ್ಲಕ್ಕಿಂತ ಸೂಕ್ಷ್ಮ. 50 ಮೈಕ್ರೋಲೀಟರ್ ವೀರ್ಯಕ್ಕೆ 950 ಮೈಕ್ರೋಲೀಟರ್ ದ್ರಾವಣ ಸೇರಿಸಿ 20 ಪಟ್ಟು ತೆಳು ಮಾಡುತ್ತಾರೆ. ದ್ರಾವಣದ ಫಾರ್ಮಲಿನ್ ವೀರ್ಯಾಣುಗಳನ್ನು ನಿಶ್ಚಲಗೊಳಿಸುತ್ತದೆ, ಇಲ್ಲವಾದರೆ ಓಡುವವನ್ನು ಎಣಿಸುವುದು ಹೇಗೆ? ಅದನ್ನು ನ್ಯೂಬಾರ್ ಚೇಂಬರ್ ಎಂಬ ಗೆರೆ ಕೊರೆದ ಗಾಜಿಗೆ ತುಂಬಿ, ಒದ್ದೆ ಬಟ್ಟೆಯಿಟ್ಟ ಮುಚ್ಚಿದ ಡಬ್ಬಿಯಲ್ಲಿ ಕೆಲ ನಿಮಿಷ ಬಿಡಬೇಕು, ವೀರ್ಯಾಣು ತಳಕ್ಕೆ ಕೂರಲಿ ಎಂದು. ನಮ್ಮ ಬೇಸಿಗೆಯ ಒಣ ಗಾಳಿಯಲ್ಲಿ ಹಾಗೇ ತೆರೆದಿಟ್ಟರೆ ಅಂಚಿನ ದ್ರವ ಆರಿ ಲೆಕ್ಕ ತಪ್ಪುತ್ತದೆ. ನಡುವಿನ 25 ಚೌಕಗಳಲ್ಲಿ ಒಟ್ಟು 100 ನ್ಯಾನೋಲೀಟರ್ ಹಿಡಿಸುತ್ತದೆ. ಅಲ್ಲಿ 200 ಸಿಕ್ಕರೆ ಅದನ್ನು 5ರಿಂದ ಭಾಗಿಸಿ: ಮಿಲಿಗೆ 40 ಮಿಲಿಯನ್. ಎರಡೂ ಬದಿ ಎಣಿಸಿ, ಎರಡು ಲೆಕ್ಕ ಹತ್ತಿರ ಹತ್ತಿರ ಇದ್ದರೆ ಮಾತ್ರ ಒಪ್ಪಿಕೊಳ್ಳಬೇಕು.

ಯಾಕಿಷ್ಟು ಎಣಿಸಬೇಕು? ಎಣಿಸಿದ್ದು 400 ಆದರೆ ಕಾಕತಾಳೀಯ ತಪ್ಪು ಶೇ. 5ರಷ್ಟು. 100 ಆದರೆ ಶೇ. 10. ಬರೀ 25 ಎಣಿಸಿ ಕೈ ತೊಳೆದರೆ ಶೇ. 20. ಆಗ 14 ಎಂದು ಬಂದದ್ದು ನಿಜವಾಗಿ 10 ಇರಬಹುದು, 19 ಇರಬಹುದು. ಚೇಂಬರ್ ಬಿಟ್ಟು ಸ್ಲೈಡಿನ ಮೇಲೆ ಕಣ್ಣಳತೆಯಲ್ಲೇ ‘60 ಮಿಲಿಯನ್’ ಎಂದು ಬರೆಯುವ ಕಡೆಯಂತೂ ಆ ಸಂಖ್ಯೆಗೆ ಬೆಲೆಯೇ ಇಲ್ಲ. ಹಾಳೆಯಲ್ಲಿ ಎಷ್ಟು ದಿನದ ಅಂತರ, ಎಷ್ಟು ಗಂಟೆಗೆ ಕೊಟ್ಟದ್ದು, ಎಷ್ಟು ಗಂಟೆಗೆ ನೋಡಿದ್ದು, ಪ್ರಮಾಣ, ಒಟ್ಟು ಸಂಖ್ಯೆ ಇವೆಲ್ಲ ಇವೆಯೇ ನೋಡಿ. ಬರೇ ‘ಕೌಂಟ್’, ‘ಮೊಟಿಲಿಟಿ’ (ಚಲನೆ) ಎಂಬ ಎರಡೇ ಸಾಲಿದ್ದರೆ ಬೇರೆ ಕಡೆ ಮತ್ತೆ ಮಾಡಿಸುವುದೇ ಸರಿ. ಒಳ್ಳೆಯ ಲ್ಯಾಬಿನಲ್ಲೂ ಒಬ್ಬನದೇ ಎಣಿಕೆ ವಾರದಿಂದ ವಾರಕ್ಕೆ ಬಹಳ ಏರಿಳಿಯುತ್ತದೆ. ಒಂದೇ ರಿಪೋರ್ಟ್ ಹಿಡಿದು ಯಾರಿಗೂ ಹೆಸರಿಡಬಾರದು.

74 ದಿನದ ಹಿಂದಿನ ಮಾತು

ವೃಷಣದಲ್ಲಿ ಒಂದು ವೀರ್ಯಾಣು ಆದಿಯಿಂದ ಅಂತ್ಯಕ್ಕೆ ತಯಾರಾಗಲು ಸುಮಾರು 74 ದಿನ ಬೇಕು. ಅಲ್ಲಿಂದ ಎಪಿಡಿಡಿಮಿಸ್ ಎಂಬ ಸುರುಳಿ ನಾಳದಲ್ಲಿ ಸಾಗಿ ಬಲಿಯಲು ಮತ್ತೆ ಕೆಲವು ದಿನ. ಇವತ್ತಿನ ರಿಪೋರ್ಟ್ ಹೇಳುವುದು ಹೆಚ್ಚುಕಡಿಮೆ ಮೂರು ತಿಂಗಳ ಹಿಂದಿನ ದೇಹದ ಕತೆ. ಟೈಫಾಯ್ಡೋ ಡೆಂಗಿಯೋ ಬಂದು ವಾರ ಮಲಗೆದ್ದವರ ಎಣಿಕೆ ಮುಂದಿನ ಎರಡು ಮೂರು ತಿಂಗಳು ಕುಸಿದಿರಬಹುದು, ಆಮೇಲೆ ತಾನೇ ಏರುತ್ತದೆ. ಇದೇ ಕಾರಣಕ್ಕೆ ಔಷಧಿ ಶುರು ಮಾಡಿ 15 ದಿನಕ್ಕೆ ‘ಗುಣ ಆಯ್ತಾ’ ಎಂದು ಮತ್ತೆ ಪರೀಕ್ಷಿಸುವುದು ದುಡ್ಡು ದಂಡ. ಮೂರು ತಿಂಗಳಾದರೂ ಕಾಯಬೇಕು.

ವೃಷಣಗಳು ಮೈಯ ಹೊರಗೆ ಚೀಲದಲ್ಲಿರುವುದು ಸುಮ್ಮನೆ ಅಲ್ಲ. ಅಲ್ಲಿ ಒಳಮೈಗಿಂತ 2ರಿಂದ 4 ಡಿಗ್ರಿ ತಂಪಿರಬೇಕು. ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಯ ಕುಲುಮೆಯ ಮುಂದೆ, ಇಟ್ಟಿಗೆ ಭಟ್ಟಿಯಲ್ಲಿ, ಬೇಕರಿಯ ಒಲೆ ಮುಂದೆ ದುಡಿಯುವವರು, ಇಂಜಿನ್ ಕಾವಿನ ಮೇಲೆ ಇಡೀ ದಿನ ಕೂರುವ ಲಾರಿ ಡ್ರೈವರುಗಳು ತಮ್ಮ ಕೆಲಸವೇನೆಂದು ಡಾಕ್ಟರಿಗೆ ಹೇಳಲೇಬೇಕು. ವೆರಿಕೋಸೀಲ್ ಕೂಡ ಅಲ್ಲಿನ ತಂಪನ್ನು ಕೆಡಿಸುತ್ತದೆ: ವೃಷಣದ ರಕ್ತನಾಳಗಳು ಉಬ್ಬಿ, ಮುಟ್ಟಿದರೆ ಎರೆಹುಳದ ಗಂಟಿನಂತೆ ಸಿಗುತ್ತವೆ, ಹೆಚ್ಚಾಗಿ ಎಡಗಡೆ. ಗಂಡಸರಲ್ಲಿ ನೂರಕ್ಕೆ 15 ಮಂದಿಗೆ ಇದಿದೆ, ಅವರಲ್ಲಿ ಬಹಳ ಮಂದಿಗೆ ಮಕ್ಕಳೂ ಆಗಿವೆ. ನಿಂತಾಗ ಕೈಗೆ ಸಿಗುವಷ್ಟಿದ್ದು, ರಿಪೋರ್ಟೂ ಕೆಟ್ಟಿದ್ದರೆ ಆಪರೇಷನ್ ಯೋಚಿಸಬಹುದು. ಬರೀ ಸ್ಕ್ಯಾನಿನಲ್ಲಿ ಕಂಡ ಸಣ್ಣದಕ್ಕೆ ಕತ್ತರಿ ಬೇಡ.

ಜಿಮ್ಮಿಗೆ ಹೋಗುವ ಹುಡುಗರು ತೆಗೆದುಕೊಳ್ಳುವ ಟೆಸ್ಟೋಸ್ಟೆರೋನ್ ಇಂಜೆಕ್ಷನ್ ಬಗ್ಗೆ ಒತ್ತಿ ಹೇಳಬೇಕಿದೆ. ಗಂಡಸುತನದ ಹಾರ್ಮೋನ್ ಅಂದಮೇಲೆ ಕೌಂಟ್ ಏರೀತು ಎಂದು ಕೊಳ್ಳುವವರೂ ಇದ್ದಾರೆ. ಆಗುವುದು ತೀರಾ ಉಲ್ಟಾ. ಹೊರಗಿಂದ ಹಾರ್ಮೋನ್ ಬಂದದ್ದನ್ನು ಕಂಡ ಮೆದುಳಿನ ಪಿಟ್ಯುಟರಿ ಗ್ರಂಥಿ ವೃಷಣಕ್ಕೆ ಕೆಲಸದ ಆದೇಶ ಕಳಿಸುವುದನ್ನೇ ನಿಲ್ಲಿಸುತ್ತದೆ. ವಾರಕ್ಕೆ 200 ಮಿಲಿಗ್ರಾಂ ಟೆಸ್ಟೋಸ್ಟೆರೋನ್ ಕೊಟ್ಟು ಗಂಡಸರ ಗರ್ಭನಿರೋಧಕವಾಗಿ ಬಳಸಬಹುದೇ ಎಂದು ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಪರೀಕ್ಷೆಯ ಫಲಿತಾಂಶ 1990ರಲ್ಲಿ ಬಂತು: ಆರೋಗ್ಯವಂತ ಗಂಡಸರಲ್ಲಿ ಹೆಚ್ಚಿನವರ ಎಣಿಕೆ ಆರು ತಿಂಗಳೊಳಗೆ ಸೊನ್ನೆಗೆ ಇಳಿದಿತ್ತು. ನಿಲ್ಲಿಸಿದರೆ ಸಾಮಾನ್ಯವಾಗಿ ಮರಳುತ್ತದೆ, ಆದರೆ ತಿಂಗಳುಗಟ್ಟಲೆ ಬೇಕು. ಒಳಗೇನಿದೆ ಎಂದು ಬರೆಯದ ‘ಶಕ್ತಿ ಪುಡಿ’ಗಳನ್ನೂ ದೂರವಿಡಿ.

ಔಷಧಿ ಹೊಡೆಯುವ ರೈತರಿಗೂ ಒಂದು ಮಾತು. 1977ರಲ್ಲಿ ಕ್ಯಾಲಿಫೋರ್ನಿಯಾದ ಲ್ಯಾಥ್ರಪ್ ಎಂಬಲ್ಲಿ ಡಿಬಿಸಿಪಿ ಎಂಬ ಜಂತುನಾಶಕ ತಯಾರಿಸುವ ಕಾರ್ಖಾನೆಯ ಕೆಲಸಗಾರರು ತಮ್ಮಲ್ಲಿ ಯಾರಿಗೂ ಇತ್ತೀಚೆಗೆ ಮಕ್ಕಳಾಗಿಲ್ಲವೆಂದು ತಾವೇ ಗಮನಿಸಿ ಪರೀಕ್ಷೆಗೆ ಒತ್ತಾಯಿಸಿದರು. ಹಲವರಲ್ಲಿ ವೀರ್ಯಾಣುವೇ ಇರಲಿಲ್ಲ. ಕೃಷಿ ರಾಸಾಯನಿಕ ವೃಷಣವನ್ನು ಸುಡಬಲ್ಲದು ಎಂಬುದು ಜಗತ್ತಿಗೆ ಗಟ್ಟಿಯಾಗಿ ತಿಳಿದದ್ದು ಹೀಗೆ. ತೊಗರಿ ಹೂವಾಡುವ ಹೊತ್ತಿಗೆ ಕಾಯಿಕೊರಕಕ್ಕೆಂದು ಬೆನ್ನಿಗೆ ಪಂಪು ಕಟ್ಟಿ ಹೊಡೆಯುವಾಗ ಸೋರುವ ಪಂಪು ತೊಡೆ-ಸೊಂಟವನ್ನೇ ನೆನೆಸುತ್ತದೆ, ಅಲ್ಲಿನ ಚರ್ಮ ಬಹಳ ಹೀರುತ್ತದೆ. ಸೋರಿಕೆ ಮುಚ್ಚಿಸಿ, ತುಂಬುತೋಳಿನ ಅಂಗಿ-ಪ್ಯಾಂಟು, ಕೈಗವಸು ಹಾಕಿ, ಗಾಳಿ ಬೆನ್ನಿಗಿರುವಂತೆ ಹೊಡೆದು, ಮುಗಿದ ಕೂಡಲೇ ಮೈತೊಳೆದು ಬಟ್ಟೆ ಬೇರೆ ಒಗೆಸಿ. ಗುಟ್ಕಾ, ಬೀಡಿ, ಸಿಗರೇಟು ಬಿಡುವುದಂತೂ ಎಲ್ಲರಿಗೂ.

ಸೊನ್ನೆ ಬಂದಾಗ

‘ನಿಲ್’ ಎಂದು ಬಂದ ಹಾಳೆ ಮನೆಯನ್ನೇ ಕುಸಿಯುವಂತೆ ಮಾಡುತ್ತದೆ. ಮೊದಲು ಕೇಳಬೇಕಾದ್ದು: ವೀರ್ಯವನ್ನು ಸೆಂಟ್ರಿಫ್ಯೂಜಿನಲ್ಲಿ 15 ನಿಮಿಷ ವೇಗವಾಗಿ ತಿರುಗಿಸಿ ತಳದ ಗಸಿ ನೋಡಿದ್ದಾರೆಯೇ? ಎರಡು ಸಲ ಕೊಟ್ಟದ್ದರಲ್ಲೂ ಹೀಗೇ ಬಂದಿದೆಯೇ? ಗಸಿಯಲ್ಲಿ ಹತ್ತೇ ಸಿಕ್ಕರೂ ದಾರಿ ಬೇರೆಯಾಗುತ್ತದೆ. 1992ರಲ್ಲಿ ಬ್ರಸೆಲ್ಸಿನ ತಂಡ ಅಂಡದೊಳಕ್ಕೆ ಒಂದೇ ಒಂದು ವೀರ್ಯಾಣುವನ್ನು ಸೂಜಿಯಿಂದ ಬಿಡುವ ಇಕ್ಸಿ ವಿಧಾನದಲ್ಲಿ ಗರ್ಭ ನಿಲ್ಲಿಸಿ ತೋರಿಸಿದ ಮೇಲೆ ಹತ್ತು ಕೂಡ ಬೆಲೆಯುಳ್ಳ ಸಂಖ್ಯೆ.

ನಿಜಕ್ಕೂ ಸೊನ್ನೆಯಾದರೆ ಎರಡು ಬಗೆ: ವೃಷಣವೆಂಬ ಕಾರ್ಖಾನೆ ನಡೆದಿದೆ, ವೀರ್ಯಾಣು ಹೊರಬರುವ ರಸ್ತೆ ಮುಚ್ಚಿದೆ, ಅಥವಾ ಕಾರ್ಖಾನೆಯೇ ನಿಂತಿದೆ. ಇದನ್ನು ಬೇರ್ಪಡಿಸಲು ಮೊದಲು ಬೇಕಾದ್ದು ದುಬಾರಿ ಯಂತ್ರವಲ್ಲ, ಅನುಭವಿ ಡಾಕ್ಟರ ಬೆರಳು. ವೃಷಣ ದೊಡ್ಡದೇ ಇದ್ದು, ರಕ್ತದಲ್ಲಿ ಪಿಟ್ಯುಟರಿ ವೃಷಣಕ್ಕೆ ಕಳಿಸುವ ಆದೇಶದ ಹಾರ್ಮೋನ್ ಎಫ್‌ಎಸ್‌ಎಚ್ ಸಹಜವಿದ್ದರೆ ರಸ್ತೆಯ ತೊಂದರೆ ಇರಬಹುದು. ವೀರ್ಯ 1.4 ಮಿಲಿಗಿಂತ ಕಡಿಮೆ, ಹುಳಿಯಾಗಿದ್ದು, ಫ್ರಕ್ಟೋಸ್ ಎಂಬ ಸಕ್ಕರೆ ಇಲ್ಲದೆ, ಬೆರಳಿಗೆ ವೀರ್ಯನಾಳವೂ ಸಿಗದಿದ್ದರೆ ಹುಟ್ಟಿನಿಂದಲೇ ನಾಳ ಬೆಳೆದಿಲ್ಲ ಎಂದರ್ಥ. ಇಂಥವರು ಶ್ವಾಸಕೋಶ ಕೆಡಿಸುವ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆಯ ಜೀನ್ ಹೊತ್ತಿರಬಹುದು. ಅದೇ ಜೀನ್ ಹೆಂಡತಿಯಲ್ಲೂ ಇದ್ದರೆ ಮಗುವಿಗೆ ಕಾಯಿಲೆ ಬರಬಹುದು. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ನಮ್ಮ ಕಡೆ ಇಬ್ಬರನ್ನೂ ಪರೀಕ್ಷಿಸುವುದು ಇನ್ನೂ ಮುಖ್ಯ.

ವೃಷಣ ಸಣ್ಣದಾಗಿ ಎಫ್‌ಎಸ್‌ಎಚ್ ಏರಿದ್ದರೆ ಕಾರ್ಖಾನೆಯ ತೊಂದರೆ. ಹರೆಯದ ನಂತರ ಬಂದ ಮಂಗನಬಾವು ವೃಷಣಕ್ಕಿಳಿದದ್ದು, ಚಿಕ್ಕಂದಿನಲ್ಲಿ ಬೀಜ ಕೆಳಗಿಳಿಯದೆ ಹೊಟ್ಟೆಯಲ್ಲೇ ಉಳಿದದ್ದು, ಸುಮಾರು 600 ಗಂಡಸರಲ್ಲಿ ಒಬ್ಬರಿಗಿರುವ ಕ್ಲೈನ್‌ಫೆಲ್ಟರ್, ಅಂದರೆ ಒಂದು ಎಕ್ಸ್ ಕ್ರೋಮೋಸೋಮ್ ಹೆಚ್ಚಿರುವುದು, ಇವೆಲ್ಲ ಕಾರಣಗಳು. (ಗಂಡು ಕೂಸಿಗೆ ಆರು ತಿಂಗಳಾದರೂ ಬೀಜ ಇಳಿಯದಿದ್ದರೆ ತೋರಿಸಿ, ಒಂದೂವರೆ ವರ್ಷದೊಳಗೆ ಆಪರೇಷನ್ ಆಗಬೇಕು.) ಎಫ್‌ಎಸ್‌ಎಚ್, ಎಲ್‌ಎಚ್ ಎಂಬ ಎರಡೂ ಆದೇಶದ ಹಾರ್ಮೋನ್ ತೀರಾ ಕಡಿಮೆ ಇದ್ದರೆ ಮಾತ್ರ ಸಿಹಿಸುದ್ದಿ ಎನ್ನಬಹುದು: ತೊಂದರೆ ಆದೇಶ ಕಳಿಸುವ ಪಿಟ್ಯುಟರಿಯ ಕಡೆ. ಎಚ್‌ಸಿಜಿ, ಎಫ್‌ಎಸ್‌ಎಚ್ ಇಂಜೆಕ್ಷನ್ ತಿಂಗಳುಗಟ್ಟಲೆ ಕೊಟ್ಟರೆ ಹೆಚ್ಚಿನವರಲ್ಲಿ ಸೊನ್ನೆಯಿದ್ದಲ್ಲಿ ವೀರ್ಯಾಣು ಹುಟ್ಟುತ್ತವೆ.

ಕಾರ್ಖಾನೆ ನಿಂತವರಿಗೂ ಮೈಕ್ರೋಸ್ಕೋಪಿನಡಿ ವೃಷಣ ಬಿಡಿಸಿ ಹುಡುಕಿದರೆ ಕೆಲವರಲ್ಲಿ ಅಲ್ಲಲ್ಲಿ ವೀರ್ಯಾಣು ಸಿಗುತ್ತವೆ. ಆದರೆ ಅದಕ್ಕೂ ಮೊದಲು ವೈ ಕ್ರೋಮೋಸೋಮಿನ ರಕ್ತಪರೀಕ್ಷೆ ಆಗಬೇಕು. ಅಲ್ಲಿ ಎಝೆಡ್‌ಎಫ್ ಎಂಬ ಜಾಗದ ಎ ಅಥವಾ ಬಿ ಭಾಗ ಪೂರ್ತಿ ಕಳೆದಿದ್ದರೆ ಹುಡುಕಿದರೂ ಸಿಗುವುದಿಲ್ಲ. ಆ ಆಪರೇಷನ್, ಆ ಲಕ್ಷಗಟ್ಟಲೆ ಖರ್ಚು ಬೇಡ. ಸಿ ಭಾಗ ಕಳೆದಿದ್ದರೆ ಸಿಗುವ ಸಾಧ್ಯತೆ ಇದೆ, ಮಗುವೂ ಆಗಬಹುದು. ಗಂಡು ಮಗುವಾದರೆ ತಂದೆಯ ಅದೇ ವೈ ಅವನಿಗೂ ಹೋಗುತ್ತದೆ, ಅವನೂ ದೊಡ್ಡವನಾದಾಗ ಇದೇ ಬಾಗಿಲಿಗೆ ಬರಬೇಕಾಗುತ್ತದೆ. ಈ ಮಾತನ್ನು ಗಂಡ-ಹೆಂಡತಿ ಇಬ್ಬರನ್ನೂ ಕೂರಿಸಿ, ಅವರಿಗೆ ಅರ್ಥವಾಗುವ ಭಾಷೆಯಲ್ಲಿ, ಆಪರೇಷನ್ ದಿನ ಗೊತ್ತುಮಾಡುವ ಮೊದಲೇ ಹೇಳಬೇಕು.